ಹುಡುಗಿಯರ ಓಟಕ್ಕೆ ಎಂಥ ಶೂ? ಡಾಮರಿಗೂ ಗುಡ್ಡೆಗೂ ಒಂದೇ ಜೋಡಿ ಸಾಕು

ನಮ್ಮ ಧರ್ಮಕೇಂದ್ರದಲ್ಲಿ ಬೆಳಗ್ಗೆ ಎದ್ದು ಓಡುವ ಯುವಜನರು ಈಚೆಗೆ ಹೆಚ್ಚಾಗಿದ್ದಾರೆ, ಅದರಲ್ಲೂ ಹುಡುಗಿಯರು. ಸಂತೋಷದ ವಿಷಯ. ಆದರೆ ಅವರ ಕಾಲಿನಲ್ಲಿ ಏನಿದೆ ಎಂದು ಒಮ್ಮೆ ನೋಡಬೇಕು. ಒಬ್ಬಳದ್ದು ಅಣ್ಣ ಹಾಕಿ ಬಿಟ್ಟ ಶೂ, ಮುಂದಿನ ತುದಿಗೆ ಬಟ್ಟೆಯ ಚೂರು ತುರುಕಿದ್ದು. ಇನ್ನೊಬ್ಬಳದ್ದು ಶಾಲೆಯ ಪಿ.ಟಿ. ಪೀರಿಯಡ್ಡಿಗೆಂದು ಕೊಂಡ ಬಿಳಿ ಕ್ಯಾನ್ವಾಸ್. ಮತ್ತೊಬ್ಬಳದ್ದು ಮದುವೆ ಜವುಳಿಗೆ ಹೋದಾಗ ಬಣ್ಣ ಚೆನ್ನಾಗಿದೆ ಎಂದು ತಂದ ಗುಲಾಬಿ ‘ಸ್ಪೋರ್ಟ್ಸ್ ಶೂ’, ಅಡಿಭಾಗ ಬೋಳು. ಅದೇ ಮನೆಯ ಹುಡುಗನಿಗೆ ಫುಟ್‌ಬಾಲಿಗೆ ಒಂದು ಬೂಟು, ಕಾಲೇಜಿಗೆ ಒಂದು, ಕ್ರಿಕೆಟಿಗೆ ಒಂದು ಇರುತ್ತದೆ. ಅವನಿಗೆ ಯಾಕೆ ಕೊಟ್ಟಿರಿ ಎಂದು ನಾವು ಕೇಳುತ್ತಿಲ್ಲ. ಅವಳಿಗೂ ಒಂದು ಜೋಡಿ, ಅವಳ ಪಾದಕ್ಕೆ ಅಳತೆ ನೋಡಿ ಆರಿಸಿದ್ದು, ಬೇಡವೇ ಎಂದಷ್ಟೇ ಕೇಳುತ್ತಿದ್ದೇವೆ.

ಒಂದೇ ಜೋಡಿ ಸಾಕು ಎಂಬುದೂ ನಮ್ಮ ಮಾತೇ. ರಸ್ತೆಗೆ ಬೇರೆ, ಗುಡ್ಡೆಗೆ ಬೇರೆ ಶೂ ಕೊಳ್ಳಬೇಕೆಂದು ಹೇಳುವವರಿದ್ದಾರೆ. ವಾರಕ್ಕೆ 50 ಕಿ.ಮೀ. ಓಡುವವರಿಗೆ ಅದು ಸರಿಯಾದ ಸಲಹೆ. ನಮ್ಮ ಹುಡುಗಿಯರು ಓಡುವ ದಾರಿ ಹೇಗಿದೆ ನೋಡಿ: ಮನೆಯಿಂದ ಹೊರಟರೆ ಅಡಿಕೆ ತೋಟದ ಅಂಚಿನ ಮಣ್ಣು ದಾರಿ, ಅಲ್ಲೊಂದು ಕಾಲುಸಂಕ, ಆಮೇಲೆ ಪಂಚಾಯತಿನ ಕಾಂಕ್ರೀಟು, ಆಮೇಲೆ ಡಾಮರು, ಕೊನೆಗೆ ಪದವಿನ ಮುರಕಲ್ಲು. ನಾಲ್ಕೈದು ಕಿ.ಮೀ. ಒಳಗೆ ನೆಲ ನಾಲ್ಕು ಸಲ ಬದಲಾಗುತ್ತದೆ. ಡಾಮರು ಸಿಕ್ಕಿತೆಂದು ಯಾರೂ ಅಲ್ಲಿ ಕೂತು ಶೂ ಬದಲಾಯಿಸುವುದಿಲ್ಲ. ಪೊಸಡಿಗುಂಪೆಗೆ ಹತ್ತಲು ಹೋಗುವ ದಿನವೂ ಅದೇ ಜೋಡಿ, ಸರ್ವಿಸ್ ರಸ್ತೆಯ ಬದಿಯಲ್ಲಿ ಓಡುವ ದಿನವೂ ಅದೇ ಜೋಡಿ.

ಹಾಗಾದರೆ ಆ ಜೋಡಿ ಎಂಥದ್ದಿರಬೇಕು?

ಶೂ ತಿರುಗಿಸಿ ಅಡಿಭಾಗ ನೋಡುವುದರಿಂದ ಶುರು ಮಾಡೋಣ. ರಸ್ತೆಯ ಶೂವಿನ ಅಡಿ ಹೆಚ್ಚುಕಡಿಮೆ ಚಪ್ಪಟೆ, ಗೀರುಗಳಷ್ಟೇ ಇರುತ್ತವೆ. ಗುಡ್ಡೆಯ ಶೂವಿಗೆ ರಬ್ಬರಿನ ಹಲ್ಲುಗಳಿರುತ್ತವೆ, ಅಂಗಡಿಯಲ್ಲಿ ಇವನ್ನು ಲಗ್ ಎನ್ನುತ್ತಾರೆ. ಕೆಸರಿಗೆಂದೇ ಮಾಡಿದ ಶೂಗಳಲ್ಲಿ ಈ ಹಲ್ಲು 6 ಮಿ.ಮೀ. ದಾಟುವುದುಂಟು. ಅಂಥದ್ದನ್ನು ಹಾಕಿಕೊಂಡು ಡಾಮರಿನಲ್ಲಿ ಓಡಿದರೆ ನೆಲಕ್ಕೆ ತಾಗುವುದು ಹಲ್ಲುಗಳ ತುದಿ ಮಾತ್ರ. ತಾಗುವ ಜಾಗ ಕಡಿಮೆಯಾದಷ್ಟೂ ಒಂದೊಂದು ಹಲ್ಲಿನ ಮೇಲೆ ಬೀಳುವ ಒತ್ತಡ ಹೆಚ್ಚು. ಅಂಗಾಲಿಗೆ ಕಲ್ಲಿನ ಮೇಲೆ ನಡೆದ ಹಾಗಾಗುತ್ತದೆ, ರಬ್ಬರೂ ಬೇಗ ಸವೆಯುತ್ತದೆ. ತೀರಾ ಚಪ್ಪಟೆ ಅಡಿಯ ಶೂವಿನಲ್ಲಿ ಗುಡ್ಡೆ ಇಳಿದರೆ ಸಡಿಲ ಜಲ್ಲಿಯ ಮೇಲೆ ಕಾಲು ನಿಲ್ಲುವುದಿಲ್ಲ. ಎರಡಕ್ಕೂ ಆಗುವುದು ಇವುಗಳ ನಡುವಿನದ್ದು: ಹಲ್ಲು 3ರಿಂದ 4 ಮಿ.ಮೀ., ಒಂದಕ್ಕೊಂದು ತೀರಾ ದೂರವಿಲ್ಲದೆ, ಅಡಿಯ ಮಧ್ಯಭಾಗದಲ್ಲಿ ಚಪ್ಪಟೆಯಾಗಿ. ಇಂಗ್ಲಿಷಿನಲ್ಲಿ ಇದಕ್ಕೆ ‘ರೋಡ್ ಟು ಟ್ರೇಲ್’ ಅಥವಾ ಹೈಬ್ರಿಡ್ ಎಂದು ಹೆಸರು. ಹೋಕಾದ ಚಾಲೆಂಜರ್, ನೈಕಿಯ ಪೆಗಾಸಸ್ ಟ್ರೇಲ್, ಬ್ರೂಕ್ಸ್‌ನ ಡಿವೈಡ್ ಈ ಜಾತಿಯವು. ಇವೇ ಬೇಕೆಂದಿಲ್ಲ. ಅಡಿಭಾಗ ಹೇಗಿರಬೇಕೆಂದು ಇವುಗಳ ಚಿತ್ರ ನೋಡಿ ತಿಳಿದುಕೊಳ್ಳಿ, ಆಮೇಲೆ ನಿಮ್ಮ ಕೈಗೆಟಕುವ ಬೆಲೆಯಲ್ಲಿ ಅಂಥದ್ದನ್ನೇ ಹುಡುಕಿ.

ಮುರಕಲ್ಲಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು, ಯಾಕೆಂದರೆ ಹೊರಗಿನವರು ಬರೆದ ಶೂ ಸಲಹೆಗಳಲ್ಲಿ ನಮ್ಮ ಈ ಕಲ್ಲು ಇರುವುದಿಲ್ಲ. ಬೇಸಗೆಯಲ್ಲಿ ಅದು ತೂತು ತೂತಾಗಿ, ಅಂಚು ಹರಿತವಾಗಿ, ಮೇಲೆ ಉರುಟು ಜಲ್ಲಿ ಹರಡಿಕೊಂಡು ಇರುತ್ತದೆ. ಆಗ ಹಲ್ಲಿನ ಶೂ ಚೆನ್ನಾಗಿ ಹಿಡಿಯುತ್ತದೆ. ಬೆರಳಿನ ಮುಂದೆ ದಪ್ಪ ರಬ್ಬರಿನ ತಡೆ ಇದ್ದರೆ ಎಡವಿದಾಗ ಉಗುರು ಉಳಿಯುತ್ತದೆ. ಮಳೆಗಾಲದಲ್ಲಿ ಅದೇ ಪಾದೆಯ ಮೇಲೆ ಹಾವಸೆ ಕಟ್ಟುತ್ತದೆ. ಹಾವಸೆಯ ಮೇಲೆ ಯಾವ ಹಲ್ಲೂ ಪ್ರಯೋಜನಕ್ಕಿಲ್ಲ. ಹಲ್ಲು ಕೆಲಸ ಮಾಡುವುದು ನೆಲದೊಳಗೆ ಸ್ವಲ್ಪ ಇಳಿದು ಹಿಡಿದಾಗ. ಕಲ್ಲಿನೊಳಗೆ ಅದು ಇಳಿಯುವುದುಂಟೇ? ಹತ್ತು ಸಾವಿರದ ಶೂ ಹಾಕಿದವಳೂ ಅಲ್ಲಿ ನಡೆದೇ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪದವಿನ ಪಾದೆ ಬಿಟ್ಟು ಮಣ್ಣು ದಾರಿ ಮತ್ತು ಡಾಮರಿನಲ್ಲೇ ಓಡಿ ಎಂದು ನಾವು ನಮ್ಮ ಗುಂಪಿನಲ್ಲಿ ಹೇಳುತ್ತೇವೆ.

ಅಡಿಭಾಗಕ್ಕಿಂತಲೂ ದೊಡ್ಡ ವಿಷಯ ಶೂವಿನ ಒಳಭಾಗ. ‘ಹೆಂಗಸರ ಶೂ’ ಎಂದರೆ ಬಣ್ಣ ಬದಲಾಯಿಸಿದ ಗಂಡಸರ ಶೂ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಒಳ್ಳೆಯ ಕಂಪನಿಗಳಲ್ಲಿ ಹಾಗಲ್ಲ. ಶೂ ಹೊಲಿಯುವಾಗ ಒಳಗೆ ಪಾದದ ಆಕಾರದ ಒಂದು ಅಚ್ಚು ಇಡುತ್ತಾರೆ. ಹೆಂಗಸರ ಶೂವಿನ ಅಚ್ಚೇ ಬೇರೆ. ಸಾಮಾನ್ಯವಾಗಿ ಹೆಂಗಸರ ಪಾದದಲ್ಲಿ ಮುಂಭಾಗದ ಅಗಲಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದು. ಅಣ್ಣನ ಶೂ ಉದ್ದಕ್ಕೆ ಸರಿಯಾದರೂ ಹಿಂದೆ ಸಡಿಲ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೆದ್ದು ಉಜ್ಜುತ್ತದೆ, ಎರಡನೇ ಕಿ.ಮೀ.ಗೆ ಬೊಕ್ಕೆ ಏಳುತ್ತದೆ. ಮುಂದಕ್ಕೆ ಬಟ್ಟೆ ತುರುಕಿದರೆ ಉದ್ದ ಕಡಿಮೆಯಾದೀತು, ಹಿಂದಿನ ಅಗಲ ಹಾಗೇ ಉಳಿಯುತ್ತದೆ. ಅದನ್ನು ತಡೆಯಲು ಹುಡುಗಿ ಲೇಸು ಬಿಗಿಯಾಗಿ ಎಳೆದು ಕಟ್ಟುತ್ತಾಳೆ, ಆಗ ಪಾದದ ಮೇಲ್ಭಾಗ ನೋಯುತ್ತದೆ. ಕೊನೆಗೆ ಮನೆಯಲ್ಲಿ ಬರುವ ತೀರ್ಮಾನ: ಇವಳಿಗೆ ಓಟ ಆಗಿಬರುವುದಿಲ್ಲ. ಹೀಗೆ ಓಟ ಬಿಟ್ಟವರನ್ನು ನಾವು ಕಂಡಿದ್ದೇವೆ. ಅವರ ಉಸಿರಿಗೂ ಕಾಲಿಗೂ ಏನೂ ಕೊರತೆ ಇರಲಿಲ್ಲ.

ಹಾಗೆಂದು ಪೆಟ್ಟಿಗೆಯ ಮೇಲೆ ‘ವಿಮೆನ್ಸ್’ ಎಂದು ಬರೆದದ್ದನ್ನು ಕಣ್ಣು ಮುಚ್ಚಿ ನಂಬಬೇಡಿ. ಮನೆಯೊಳಗೆ, ತೋಟದಲ್ಲಿ, ಅಂಗಳದಲ್ಲಿ ಚಿಕ್ಕಂದಿನಿಂದ ಬರಿಗಾಲಲ್ಲೇ ಓಡಾಡಿದವರು ನಾವು. ಭಾರತದಲ್ಲಿ ಬರಿಗಾಲಲ್ಲೇ ನಡೆದು ಬೆಳೆದವರ ಪಾದ ಅಳೆದು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಶೂ ಹಾಕಿ ಬೆಳೆದವರಿಗಿಂತ ಇವರ ಪಾದ ಅಗಲ ಎಂದು ಕಂಡುಬಂದಿದೆ. ಅಮೆರಿಕದ ಅಳತೆಯಲ್ಲಿ ಹೆಂಗಸರ ಸಾಮಾನ್ಯ ಅಗಲಕ್ಕೆ ‘ಬಿ’ ಎಂದೂ ಗಂಡಸರದ್ದಕ್ಕೆ ‘ಡಿ’ ಎಂದೂ ಗುರುತು. ನಮ್ಮ ಕೆಲವು ಹುಡುಗಿಯರಿಗೆ ‘ಬಿ’ ಮುಂದೆ ಬಿಗಿಯಾಗುತ್ತದೆ, ಕಿರುಬೆರಳು ಒತ್ತುತ್ತದೆ. ಅವರು ಹೆಂಗಸರದ್ದರಲ್ಲೇ ಅಗಲದ್ದು, ಅಂದರೆ ‘ಡಿ’ ಅಥವಾ ‘ವೈಡ್’, ಇದೆಯೇ ಎಂದು ಕೇಳಬೇಕು. ಅದು ಸಿಗದೆ ಗಂಡಸರ ಶೂವೇ ಹಿಮ್ಮಡಿಯಲ್ಲಿ ನಿಂತರೆ ಅದನ್ನೇ ಕೊಳ್ಳಿ, ನಾಚಿಕೆ ಏನೂ ಬೇಡ. ಪಾದ ಒಪ್ಪಬೇಕು, ಅಷ್ಟೇ. ಅಂದಹಾಗೆ ಅಮೆರಿಕದ ನಂಬರಿನಲ್ಲಿ ಅಷ್ಟೇ ಉದ್ದಕ್ಕೆ ಹೆಂಗಸರ ಸಂಖ್ಯೆ ಗಂಡಸರದ್ದಕ್ಕಿಂತ ಸಾಮಾನ್ಯವಾಗಿ ಒಂದೂವರೆ ಹೆಚ್ಚಿರುತ್ತದೆ. ನಮ್ಮ ಅಂಗಡಿಗಳಲ್ಲಿ ಮಾತನಾಡುವುದು ಹೆಚ್ಚಾಗಿ ಯುಕೆ ನಂಬರಿನಲ್ಲಿ. ಆನ್‌ಲೈನಿನಲ್ಲಿ ತರಿಸುವವರು ಎರಡನ್ನೂ ಬೆರೆಸಿಕೊಂಡು ಮೋಸ ಹೋಗುವುದು ಇಲ್ಲೇ.

ಅಳತೆ ನೋಡುವುದಕ್ಕೆ ಯಂತ್ರ ಬೇಡ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು, ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಗೆರೆ ಎಳೆದು, ಸ್ಕೇಲಿನಲ್ಲಿ ಸೆಂಟಿಮೀಟರ್ ಲೆಕ್ಕ ಬರೆದುಕೊಳ್ಳಿ. ಎರಡೂ ಕಾಲು ಅಳೆಯಬೇಕು. ಹೆಚ್ಚಿನವರಿಗೆ ಒಂದು ತುಸು ದೊಡ್ಡದು, ಕೊಳ್ಳುವುದು ಅದರ ಲೆಕ್ಕದಲ್ಲಿ. ಸಂಜೆ ಅಳೆಯಿರಿ, ಅಂಗಡಿಗೂ ಸಂಜೆಯೇ ಹೋಗಿ, ಯಾಕೆಂದರೆ ದಿನವಿಡೀ ನಿಂತು ನಡೆದ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಟಕ್ಕೆ ಹಾಕುವ ಸಾಕ್ಸನ್ನೇ ತೆಗೆದುಕೊಂಡು ಹೋಗಿ. ಶೂ ಹಾಕಿ ನಿಂತಾಗ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳ ಅಗಲದಷ್ಟು ಜಾಗ ಬೇಕು. ಗುಡ್ಡೆ ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತದೆ, ಜಾಗ ಇಲ್ಲದಿದ್ದರೆ ಉಗುರು ಕಪ್ಪಾಗಿ ಉದುರುತ್ತದೆ. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ನಾಲ್ಕು ಮೆಟ್ಟಿಲು ಇಳಿದು ನೋಡಿ, ಗುಡ್ಡೆ ಇಳಿಯುವುದಕ್ಕೆ ಅದೇ ಪರೀಕ್ಷೆ. ಹಾಕಿದ ಕೂಡಲೇ ಹಿತವಾಗಿರಬೇಕು. ‘ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ’ ಎಂದು ಅಂಗಡಿಯವರು ಹೇಳುವುದು ಚರ್ಮದ ಚಪ್ಪಲಿಗೆ ಸರಿ, ಓಟದ ಶೂವಿಗಲ್ಲ.

ಹಿಮ್ಮಡಿ ಮಾತ್ರ ಚೂರು ಸಡಿಲವೆಂದರೆ ಒಂದು ಉಪಾಯವಿದೆ. ಓಟದ ಶೂಗಳಲ್ಲಿ ಕಾಲಿನ ಗಂಟಿನ ಹತ್ತಿರ, ಸ್ವಲ್ಪ ಹಿಂದಕ್ಕೆ, ಒಂದು ಹೆಚ್ಚುವರಿ ತೂತು ಇರುತ್ತದೆ. ಎಷ್ಟೋ ಜನ ಅದು ಯಾಕಿದೆ ಎಂದೇ ಕೇಳುವುದಿಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಎರಡು ಕಡೆಯೂ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗಿಂದ ತಂದು ಎಳೆದು ಕಟ್ಟಿದರೆ ಹಿಮ್ಮಡಿ ಗಟ್ಟಿಯಾಗಿ ಕೂರುತ್ತದೆ.

ತಾಯಂದಿರಿಗೂ ಇದು ಅನ್ವಯಿಸುತ್ತದೆ. ಗರ್ಭಿಣಿಯಾಗಿದ್ದಾಗ ಪಾದದ ಕಮಾನು ಸ್ವಲ್ಪ ತಗ್ಗಿ, ಪಾದ ಉದ್ದವಾಗಿ, ಹೆರಿಗೆಯ ಮೇಲೂ ಹಾಗೇ ಉಳಿಯುವುದುಂಟು. ಮದುವೆಗೆ ಮೊದಲು ನನಗೆ ಐದು ನಂಬರ್ ಎಂದು ಹೇಳುವ ಆಂಟಿಯಂದಿರು ಮತ್ತೊಮ್ಮೆ ಕಾಗದದ ಮೇಲೆ ನಿಲ್ಲುವುದು ಒಳ್ಳೆಯದು. ಸಂಜೆಯ ನಡಿಗೆಗೂ ಇದೇ ಜಾತಿಯ ಶೂ ಆಗುತ್ತದೆ.

ಹಿಮ್ಮಡಿಯಿಂದ ಬೆರಳಿಗೆ ಎಷ್ಟು ಇಳಿಜಾರು ಎಂಬ ಲೆಕ್ಕ ಒಂದಿದೆ, ಡ್ರಾಪ್ ಎನ್ನುತ್ತಾರೆ. ಹೊಸಬರಿಗೆ 6ರಿಂದ 10 ಮಿ.ಮೀ. ನಡುವೆ ಇದ್ದರೆ ಸಾಕು. ಸೊನ್ನೆ ಡ್ರಾಪ್‌ನ ಶೂಗೆ ಒಮ್ಮೆಗೇ ಹೋದರೆ ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ನರಕ್ಕೂ ಎಳೆತ ಬೀಳುತ್ತದೆ. ನಿಮ್ಮ ಪಾದ ಒಳಕ್ಕೆ ವಾಲುತ್ತದೆ, ಅದಕ್ಕೆ ಬೇರೆ ಶೂ ಬೇಕು ಎಂದು ಅಂಗಡಿಯಲ್ಲಿ ಹೇಳಿದರೆ, ನೋವಿಲ್ಲದೆ ಓಡುತ್ತಿರುವವರು ಅದಕ್ಕಾಗಿ ಎರಡು ಸಾವಿರ ಹೆಚ್ಚು ಕೊಡಬೇಕಾಗಿಲ್ಲ. ನೋವಿದ್ದರೆ ಕೇಳಬೇಕಾದವರು ಡಾಕ್ಟರು.

ನೀರು ಒಳಹೋಗದ ಶೂ ಬೇಡವೇ ಎಂದು ಪ್ರತಿ ಮಳೆಗಾಲ ಕೇಳುತ್ತಾರೆ. ಗೋರ್‌ಟೆಕ್ಸ್ ಹಾಕಿದ ಶೂ ಬೆಲೆಯಲ್ಲಿ ಹೆಚ್ಚು. ಚಳಿಯ ದೇಶಗಳ ತುಂತುರು ಮಳೆಗೆ, ಹಿಮಕ್ಕೆ ಅದು ಒಳ್ಳೆಯದೇ. ನಮ್ಮ ಮಳೆ ತೊಡೆಯಿಂದ ಕೆಳಕ್ಕೆ ಇಳಿದು ಮೇಲಿನ ಬಾಯಿಯಿಂದ ಶೂ ಒಳಗೆ ಬರುತ್ತದೆ. ಬಂದ ನೀರು ಹೊರಹೋಗಲಾರದೆ ಶೂ ಸಣ್ಣ ಕೊಡಪಾನವಾಗುತ್ತದೆ. ನಮಗೆ ಬೇಕಾದ್ದು ತೆಳ್ಳಗಿನ ಜಾಲರಿಯ ಮೇಲ್ಭಾಗ: ಒಳಗೆ ಬಂದ ನೀರು ಹತ್ತು ಹೆಜ್ಜೆಗೆ ಹೊರಗೆ ಹೋಗಬೇಕು. ಓಡಿ ಬಂದ ಮೇಲೆ ಮಣ್ಣು ತೊಳೆದು, ಒಳಗಿನ ಹಾಸು ತೆಗೆದು, ಹಳೆಯ ದಿನಪತ್ರಿಕೆ ಉಂಡೆ ಕಟ್ಟಿ ತುಂಬಿಸಿ, ಗಂಟೆಗೊಮ್ಮೆ ಬದಲಾಯಿಸಿ. ಬಚ್ಚಲ ಒಲೆಯ ಬಳಿ ಮಾತ್ರ ಇಡಬೇಡಿ, ಶಾಖಕ್ಕೆ ಅಂಟು ಬಿಟ್ಟು ಅಡಿ ಕಳಚುತ್ತದೆ.

ಮಳೆಗಾಲದ ಮಾತು ಬಂದಾಗ ಇಲಿಜ್ವರವನ್ನೂ ನೆನೆಯಬೇಕು. ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ಅದು ಬರುತ್ತದೆ. ಚರ್ಮದ ಮೇಲಿನ ಗಾಯ ಅದಕ್ಕೆ ದಾರಿ. ಶೂ ಕಚ್ಚಿ ಒಡೆದ ಬೊಕ್ಕೆಯೂ ಗಾಯವೇ. ಅಳತೆಗೆ ಸರಿಯಿಲ್ಲದ ಶೂ ಹಾಕಿಕೊಂಡು ತೋಟದ ನೀರಿನಲ್ಲಿ ಓಡುವ ಹುಡುಗಿಗೆ ಅದು ಬರಿಯ ಉರಿಯ ವಿಷಯವಲ್ಲ. ಬೊಕ್ಕೆ ಒಡೆದಿದ್ದರೆ ಆರುವ ತನಕ ಕೆಸರಿಗೆ ಇಳಿಯಬಾರದು. ಕೆಸರು ಮೆಟ್ಟಿ ಬಂದ ದಿನಗಳ ನಂತರ ಜ್ವರ, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ, ಹೀಗೆ ನೀರಿನಲ್ಲಿ ಓಡಿದ್ದೆ ಎಂದು ಹೇಳಬೇಕು.

‘ನಮ್ಮ ಕಾಲದಲ್ಲಿ ಬರಿಗಾಲಲ್ಲೇ ಓಡಿ ಬಹುಮಾನ ತರಲಿಲ್ಲವೇ’ ಎನ್ನುವ ಹಿರಿಯರಿಗೆ ನಾವು ಗೌರವದಿಂದಲೇ ಒಂದು ಕಥೆ ಹೇಳುತ್ತೇವೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲಿ ಮ್ಯಾರಥಾನ್ ಓಡಿ ಚಿನ್ನ ಗೆದ್ದರು. ಅವರು ಬರಿಗಾಲಲ್ಲಿ ಓಡಿದ್ದು ಸಿಕ್ಕಿದ ಶೂ ಪಾದಕ್ಕೆ ಹೊಂದಲಿಲ್ಲವೆಂದು. 1964ರಲ್ಲಿ ಟೋಕಿಯೊದಲ್ಲಿ ಅವರು ಶೂ, ಸಾಕ್ಸ್ ಹಾಕಿಕೊಂಡೇ ಓಡಿದರು, ಮತ್ತೆ ಚಿನ್ನ. ಹೊಂದದ ಶೂಗಿಂತ ಬರಿಗಾಲು ಮೇಲು ಎಂಬುದನ್ನು ನಾವೂ ಒಪ್ಪುತ್ತೇವೆ. ಹೊಂದುವ ಶೂ ಸಿಕ್ಕಿದಾಗ ಬಿಕಿಲರೂ ಬೇಡ ಎನ್ನಲಿಲ್ಲವಲ್ಲ. ಅಷ್ಟೂ ವರ್ಷ ಹೆಂಗಸರಿಗೆ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಇರಲೇ ಇಲ್ಲ. ಅದು ಬಂದದ್ದು 1984ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಅದೇ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. ನಮ್ಮ ಊರಿನಿಂದ ಕೋಝಿಕ್ಕೋಡಿಗೆ ರೈಲಿನಲ್ಲಿ ಹೋಗುವಾಗ ಸಿಗುವ ಪಯ್ಯೋಳಿಯ ಹುಡುಗಿ ಅವರು, ಅಲ್ಲಿಯ ಕಡಲ ಮರಳಿನಲ್ಲಿ ಅಭ್ಯಾಸ ಮಾಡಿದವರು. ನಮ್ಮ ಹುಡುಗಿಯರೆಲ್ಲ ಉಷಾ ಆಗಬೇಕೆಂದು ಹೇಳುತ್ತಿಲ್ಲ. ಹುಡುಗಿಯರ ಓಟ ಈ ಕರಾವಳಿಗೆ ಹೊಸದಲ್ಲ ಎಂದಷ್ಟೇ.

ಈಗ ಹಣದ ವಿಷಯ. ದೊಡ್ಡ ಬ್ರ್ಯಾಂಡುಗಳಲ್ಲಿ ಹತ್ತು ಸಾವಿರ ದಾಟುವುದು ಸಾಮಾನ್ಯ. ಅಷ್ಟು ಬೇಡ. ಕಳೆದ ವರ್ಷದ ಮಾದರಿ ಹೊಸದು ಬಂದ ಕೂಡಲೇ ಅಗ್ಗವಾಗುತ್ತದೆ. ಒಳಗಿನ ವ್ಯತ್ಯಾಸ ಎಷ್ಟೋ ಸಲ ಬಣ್ಣ ಮತ್ತು ಹೆಸರಿನದ್ದು. ಒಂದು ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ, ಆಮೇಲೆ ಅಡಿಯ ಸ್ಪಂಜು ಸತ್ತುಹೋಗುತ್ತದೆ, ಮೇಲೆ ಹೊಸದರಂತೆ ಕಂಡರೂ. 3,500 ರೂಪಾಯಿಯ ಶೂ 600 ಕಿ.ಮೀ. ಬಂದರೆ ಕಿ.ಮೀ.ಗೆ ಆರು ರೂಪಾಯಿಗಿಂತ ಕಡಿಮೆ. ವಾರಕ್ಕೆ 15 ಕಿ.ಮೀ. ಓಡುವವಳಿಗೆ ಅದು 40 ವಾರ. ಹೆತ್ತವರೇ, ಮೊಬೈಲಿನ ರೀಚಾರ್ಜಿನ ಪಕ್ಕದಲ್ಲಿ ಇದನ್ನು ಬರೆದು ನೋಡಿ.

‘ಫಸ್ಟ್ ಕಾಪಿ’ ಎಂದು ಮಾರುವ ನಕಲಿಯನ್ನು ಕೊಳ್ಳಬೇಡಿ ಎಂಬುದರಲ್ಲಿ ನಮಗೆ ಯಾವ ಸಂಶಯವೂ ಇಲ್ಲ. ಅದರಲ್ಲಿ ನಕಲಾದದ್ದು ಗುರುತು ಮಾತ್ರ, ಅಚ್ಚೂ ಅಲ್ಲ, ರಬ್ಬರೂ ಅಲ್ಲ. ಆ ದುಡ್ಡಿಗೆ ಹೆಸರಿಲ್ಲದ ಆದರೆ ನೆಟ್ಟಗಿನ ಶೂ ಸಿಗುತ್ತದೆ. ತಂಗಿಯ ಶೂ ತರಲು ಅಣ್ಣನನ್ನು ಒಬ್ಬನೇ ಮಂಗಳೂರಿಗೆ ಕಳುಹಿಸುವ ಕ್ರಮವೂ ನಿಲ್ಲಬೇಕು. ಬಸ್ಸಿನ ಟಿಕೆಟು ಒಂದು ಹೆಚ್ಚಾಗಲಿ, ಹಾಕುವವಳೇ ಅಂಗಡಿಗೆ ಹೋಗಲಿ, ನಾಲ್ಕು ಜೋಡಿ ಹಾಕಿ, ಎರಡು ಸುತ್ತು ಓಡಿ, ಬೇಡವೆಂದರೆ ಬೇಡ ಎಂದು ಹೇಳಿ ಬರಲಿ.

ಮುಂದಿನ ಎರಡು ಭಾನುವಾರ ಸಂಜೆ ನಾಲ್ಕೂವರೆಯಿಂದ ಇಗರ್ಜಿಯ ಸಭಾಭವನದಲ್ಲಿ ನಾವು ಕಾಗದ, ಪೆನ್ಸಿಲ್, ಸ್ಕೇಲು ಇಟ್ಟುಕೊಂಡು ಕೂತಿರುತ್ತೇವೆ. ಪಾದದ ಉದ್ದ, ಅಗಲ ಎರಡನ್ನೂ ಅಳೆದು ಬರೆದುಕೊಡುತ್ತೇವೆ. ಈಗ ಹಾಕುತ್ತಿರುವ ಶೂವನ್ನೂ ತನ್ನಿ, ಅದರ ಅಡಿ ಎಲ್ಲಿ ಸವೆದಿದೆ ಎಂದು ಸೇರಿ ನೋಡೋಣ. ಆಂಟಿಯಂದಿರೂ ಬರಬಹುದು. ಅಣ್ಣಂದಿರು ಬಂದರೆ ಕುರ್ಚಿ ಹಾಕುವ ಕೆಲಸ ಇದೆ.